ನೆಲ, ನೆಲೆ ಮತ್ತು ಹೂಡಿಕೆ: ವೈಟ್‌ಫೀಲ್ಡ್ ವಸಾಹತಿನ ಚರಿತ್ರೆಯಿಂದ ಒಂದು ಪಾಠ

ಶತಮಾನೋತ್ಸವದ ಸಂದರ್ಭದಲ್ಲಿ ಹಿಂದಿರುಗಿ ನೋಡುವುದು ಸಹಜ. ನಮ್ಮ ದೇವಾಲಯದ ಅಡಿಗಲ್ಲು, ಗಂಟೆಗೋಪುರ, ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಗುರುಗಳು, ಕನ್ಯಾಸ್ತ್ರೀಯರು ಹಾಗೂ ಉಪದೇಶಿಗಳ ವಿಷಯವನ್ನು ಈ ಸ್ಮರಣ ಸಂಚಿಕೆಯ ಇತರ ಲೇಖಕರು ಬರೆಯುತ್ತಿರುವರು. ಸಂಪಾದಕ ಮಂಡಲಿಯ ಅಪ್ಪಣೆಯಂತೆ ನಾನು ಆರಿಸಿಕೊಂಡಿರುವ ವಿಷಯವು ದೇವಾಲಯದ ಗೋಡೆಗಳಿಂದ ತುಸು ಆಚೆಗೆ ಹರಡಿಕೊಂಡಿದೆ. ಅದು ನಾವು ನಿಂತಿರುವ ನೆಲದ ವಿಷಯ.

ಜೂಬಿಲಿ ಎಂಬ ಶಬ್ದವನ್ನು ಇಂದು ನಾವು ಹಬ್ಬದ ಅರ್ಥದಲ್ಲಿ ಬಳಸುತ್ತೇವೆ. ಪವಿತ್ರ ಬೈಬಲಿನ ಯಾಜಕಕಾಂಡದ 25ನೆಯ ಅಧ್ಯಾಯವನ್ನು ತೆರೆದು ನೋಡಿದವರಿಗೆ ಅದು ಮೂಲತಃ ಜಮೀನಿಗೆ ಸಂಬಂಧಿಸಿದ ಕಟ್ಟಳೆಯೆಂಬುದು ತಿಳಿದುಬರುತ್ತದೆ. ಬಡತನದಿಂದಲೋ ಸಾಲದಿಂದಲೋ ಹೊಲವನ್ನು ಮಾರಿಕೊಂಡ ಕುಟುಂಬಕ್ಕೆ 50ನೆಯ ವರ್ಷದಲ್ಲಿ ಆ ಹೊಲವು ಮರಳಿ ದೊರೆಯಬೇಕು. ಭೂಮಿಯನ್ನು ಶಾಶ್ವತವಾಗಿ ಮಾರುವಂತಿಲ್ಲ. ಏಕೆಂದರೆ ಅದರ ನಿಜವಾದ ಒಡೆಯನು ದೇವರು, ಮನುಷ್ಯನು ಅಲ್ಲಿ ಒಕ್ಕಲು ಮಾತ್ರ. ಇದು ಆ ಕಟ್ಟಳೆಯ ತಿರುಳು. ಹೀಗಿರುವಾಗ ನೂರು ವರ್ಷಗಳ ಜೂಬಿಲಿಯನ್ನು ಆಚರಿಸುವ ನಾವು ನೆಲದ ಮಾತನ್ನು ಎತ್ತದೆ ಇರುವುದು ಸರಿಯಾಗಲಾರದು.

ಅದಕ್ಕೆ ಇನ್ನೊಂದು ಕಾರಣವೂ ಉಂಟು. ದೊಡ್ಡ ನಗರದ ಮಗ್ಗುಲಲ್ಲಿ, ಎತ್ತರದ ತಂಪು ನೆಲದಲ್ಲಿ ಒಂದು ತುಂಡು ಜಮೀನು ಕೊಂಡು ನೆಲೆಸಬೇಕೆಂಬ ಆಸೆ ಇಂದು ಅನೇಕರಲ್ಲಿದೆ. ಅಂಥ ಜಮೀನನ್ನು ಹಿರಿಯರಿಂದ ಪಡೆದವರಲ್ಲಿ ಅದನ್ನು ಮಾರಿಬಿಡಬೇಕೆಂಬ ಒತ್ತಡವೂ ಇದೆ. ಕೊಳ್ಳುವವರೂ ಮಾರುವವರೂ ಒಂದೇ ಪೂಜೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಇಬ್ಬರಿಗೂ ಉಪಯೋಗವಾಗಬಲ್ಲ ಒಂದು ಚರಿತ್ರೆ ನಮ್ಮ ಬೆಂಗಳೂರಿನ ಪೂರ್ವ ಭಾಗದಲ್ಲಿಯೇ ನಡೆದಿದೆ. ಅದು ವೈಟ್‌ಫೀಲ್ಡಿನ ಚರಿತ್ರೆ.

ನೆಲವಿಲ್ಲದ ಒಂದು ಸಮುದಾಯ

ವೈಟ್‌ಫೀಲ್ಡ್ ಎಂದರೆ ಬಿಳಿಯರ ಹೊಲವೆಂದು ಅನೇಕರು ಭಾವಿಸಿದ್ದಾರೆ. ಆ ಹೆಸರು ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಎಂಬ ಮದರಾಸಿನ ಆಂಗ್ಲೋ-ಇಂಡಿಯನ್ ಮುಂದಾಳುವಿನಿಂದ ಬಂದದ್ದು. ಆತನು ಯಾವ ಜನರಿಗಾಗಿ ದುಡಿದನೋ ಆ ಜನರ ಪರಿಸ್ಥಿತಿಯನ್ನು ಮೊದಲು ತಿಳಿಯಬೇಕು.

ಐರೋಪ್ಯ ತಂದೆ ಮತ್ತು ಭಾರತೀಯ ತಾಯಿಯ ವಂಶಸ್ಥರಾದ ಇವರನ್ನು ಆ ಕಾಲದಲ್ಲಿ ಯುರೇಷಿಯನ್ನರೆಂದು ಕರೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯು ಆರಂಭದಲ್ಲಿ ಇವರನ್ನು ಧಾರಾಳವಾಗಿ ಕೆಲಸಕ್ಕೆ ಸೇರಿಸಿಕೊಂಡಿತು. ಅನಂತರ ಸಂಶಯ ತಲೆದೋರಿತು. 1786ರಲ್ಲಿ ಕಲ್ಕತ್ತೆಯ ಅನಾಥಾಲಯದಲ್ಲಿದ್ದ ಸೇನಾಧಿಕಾರಿಗಳ ಮಕ್ಕಳು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋಗದಂತೆ ತಡೆಯಲಾಯಿತು. 1791ರಲ್ಲಿ ಕಂಪನಿಯ ಉನ್ನತ ಆಡಳಿತ ಹಾಗೂ ಸೈನ್ಯದ ಹುದ್ದೆಗಳ ಬಾಗಿಲು ಮುಚ್ಚಿತು. 1795ರಲ್ಲಿ ಸೈನ್ಯದಲ್ಲಿ ವಾದ್ಯ ನುಡಿಸುವುದು, ಕುದುರೆಗೆ ಲಾಳ ಕಟ್ಟುವುದು ಮುಂತಾದ ಕೆಲಸಗಳಷ್ಟೇ ಇವರ ಪಾಲಿಗೆ ಉಳಿದವು. 1830ರಲ್ಲಿ ಜಾನ್ ವಿಲಿಯಮ್ ರಿಕೆಟ್ಸ್ ಎಂಬಾತನು ಇವರ ಅಹವಾಲನ್ನು ಹೊತ್ತು ಲಂಡನ್ನಿನ ಪಾರ್ಲಿಮೆಂಟಿನವರೆಗೂ ಹೋದನು.

ಮುಂದೆ ರೈಲ್ವೆ, ಅಂಚೆ-ತಂತಿ, ಸುಂಕದ ಇಲಾಖೆಗಳು ಬೆಳೆದಾಗ ಇವರಿಗೆ ಮತ್ತೆ ಉದ್ಯೋಗ ದೊರೆಯಿತು. ಆದರೆ ಅದು ಸಂಬಳದ ಬಾಳು. ಸಂಬಳ ಇರುವತನಕ ಕ್ವಾರ್ಟರ್ಸು. ಸಂಬಳ ನಿಂತ ದಿನ ಬಾಡಿಗೆ ಮನೆ. ಇಂಗ್ಲೆಂಡು ಇವರನ್ನು ತನ್ನವರೆನ್ನಲಿಲ್ಲ. ಇಲ್ಲಿಯ ಹಳ್ಳಿಗಳಲ್ಲಿ ಪಿತ್ರಾರ್ಜಿತವೆಂಬ ಒಂದು ಗುಂಟೆಯೂ ಇವರಿಗಿರಲಿಲ್ಲ. ಇಂಗ್ಲಿಷ್ ಕಲಿತ ಭಾರತೀಯರು ಕಚೇರಿಗಳನ್ನು ಪ್ರವೇಶಿಸತೊಡಗಿದ ಮೇಲೆ ಗುಮಾಸ್ತೆಯ ಕುರ್ಚಿಯನ್ನು ಮಾತ್ರ ನೆಚ್ಚಿಕೊಂಡಿರುವುದು ಅಪಾಯವೆಂದು ವೈಟ್ ಕಂಡುಕೊಂಡನು. 1879ರಲ್ಲಿ ಮದರಾಸಿನಲ್ಲಿ ಆತನ ಮುಂದಾಳುತನದಲ್ಲಿ ಸಂಘವೊಂದು ಏರ್ಪಟ್ಟಿತು. ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಸಂಘವು ಅದೇ ಚಳವಳಿಯ ಕೊಂಬೆ. ಸ್ವಂತ ನೆಲ, ಸ್ವಂತ ದುಡಿಮೆ, ಸ್ವಂತ ಊರು ಎಂಬುದು ಅದರ ಕನಸಾಗಿತ್ತು.

1882ರ ದಾನ

ಆ ಕನಸಿಗೆ ನೆಲ ದೊರೆತದ್ದು ಮೈಸೂರು ಸಂಸ್ಥಾನದಲ್ಲಿ. ಕಾಲವನ್ನು ಗಮನಿಸಬೇಕು. 1831ರಿಂದ 50 ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ರಾಜ್ಯವು 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಮರಳಿತ್ತು. ರಂಗಾಚಾರ್ಲು ದಿವಾನರಾಗಿದ್ದರು. 1876ರಿಂದ 78ರವರೆಗಿನ ಭೀಕರ ಕ್ಷಾಮದ ಗಾಯ ಇನ್ನೂ ಹಸಿಯಾಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಹೊಲಗಳು ಬೀಳು ಬಿದ್ದಿದ್ದವು, ಉಳುವವರು ಬೇಕಾಗಿದ್ದರು.

ಇಂತಹ ಸಮಯದಲ್ಲಿ, 1882ರಲ್ಲಿ, ಮಹಾರಾಜರು ಯುರೇಷಿಯನ್ ಹಾಗೂ ಆಂಗ್ಲೋ-ಇಂಡಿಯನ್ ಜನರ ಬೇಸಾಯದ ವಸಾಹತುಗಳಿಗಾಗಿ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಅದರಲ್ಲಿ ವೈಟ್‌ಫೀಲ್ಡ್ ಮುಖ್ಯ ವಸಾಹತಾಯಿತು. ಸಾಸ್‌ಮಂಡ್ ಎಂಬ ಇನ್ನೊಂದು ವಸಾಹತು ಸಮೀಪದಲ್ಲಿಯೇ ಹುಟ್ಟಿಕೊಂಡಿತು.

ಸ್ಥಳದ ಆಯ್ಕೆಯಲ್ಲಿ ವಿವೇಕವಿತ್ತು. ಬೆಂಗಳೂರಿನ ಪ್ರಸ್ಥಭೂಮಿಯು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಮದರಾಸಿನ ಸೆಕೆಯಲ್ಲಿ ಬೆಂದವರಿಗೆ ಈ ಗಾಳಿಯೇ ಔಷಧ. ನಗರದ ನಡುವಿನಿಂದ ಪೂರ್ವಕ್ಕೆ ಸುಮಾರು 18 ಕಿಲೋಮೀಟರ್. ಅಂದಿನ ಲೆಕ್ಕದಲ್ಲಿ ಎತ್ತಿನ ಗಾಡಿಗೆ ಅರ್ಧ ದಿನದ ಹಾದಿ. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿಯೇ ರೈಲುಮಾರ್ಗ ತೆರೆದಿತ್ತು. ವಸಾಹತಿನಿಂದ ಸುಮಾರು ಎರಡು ಮೈಲಿ ದೂರದ ಕಾಡುಗೋಡಿಯ ಬಳಿ ಆ ಮಾರ್ಗ ಹಾಯುತ್ತಿತ್ತು. 1809ರಿಂದ ಬೆಳೆದುಬಂದ ದಂಡು ಪ್ರದೇಶದಲ್ಲಿ ಹಾಲು, ಬೆಣ್ಣೆ, ಕೋಳಿ, ಮೊಟ್ಟೆ, ತರಕಾರಿ, ಹಣ್ಣುಗಳಿಗೆ ಕಾಯಂ ಗಿರಾಕಿಗಳಿದ್ದರು. ಹವೆ, ಹಾದಿ, ಮಾರುಕಟ್ಟೆ ಈ ಮೂರೂ ಇದ್ದವು.

ಊರಿನ ನಕಾಶೆಯೂ ವಿಶೇಷವಾದುದು. ನಡುವೆ ಒಂದು ಬಯಲು. ಅದರ ಸುತ್ತ ವೃತ್ತಾಕಾರದ ಬೀದಿಗಳು. ಬೀದಿಗೆ ಮುಖಮಾಡಿ ದೊಡ್ಡ ಕೈತೋಟಗಳ ನಡುವೆ ಹೆಂಚಿನ ಮನೆಗಳು. ಒಳವೃತ್ತ, ಹೊರವೃತ್ತ ಎಂಬ ಅರ್ಥದ ಇಂಗ್ಲಿಷ್ ಹೆಸರುಗಳು ಇಂದಿಗೂ ಅಲ್ಲಿಯ ರಸ್ತೆಗಳಿಗಿವೆ. ಪ್ರತಿಯೊಂದು ಮನೆಯ ಜಗಲಿಯಿಂದಲೂ ಊರಿನ ನಡುವಣ ಬಯಲು ಕಾಣಬೇಕು, ನೆರೆಯವರು ಒಬ್ಬರಿಗೊಬ್ಬರು ಒದಗಬೇಕು ಎಂಬ ಭಾವ ಆ ವಿನ್ಯಾಸದಲ್ಲಿ ಎದ್ದುಕಾಣುತ್ತದೆ. 1886ರಲ್ಲಿ ಪ್ರೊಟೆಸ್ಟಂಟರ ಸ್ಮಾರಕ ದೇವಾಲಯ ಅಲ್ಲಿ ಎದ್ದಿತು. ಲೂರ್ದುಮಾತೆಗೆ ಅರ್ಪಿತವಾದ ಕಥೋಲಿಕ ದೇವಾಲಯವೂ ಅದೇ ಊರಿನಲ್ಲಿದೆ.

ಕೆಂಪು ಮಣ್ಣಿನ ಲೆಕ್ಕ

ಭೂಮಿ ದೊರೆತುದರಿಂದಲೇ ಬದುಕು ದೊರೆಯಲಿಲ್ಲ. ಇಲ್ಲಿಯೇ ಚರಿತ್ರೆಯ ಮೊದಲ ಪಾಠ ಅಡಗಿದೆ.

ಬೆಂಗಳೂರಿನ ಪೂರ್ವ ಸೀಮೆಯ ನೆಲ ಬಹುಮಟ್ಟಿಗೆ ಕೆಂಪು ಮಣ್ಣಿನ ಖುಷ್ಕಿ. ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ. ಅದೂ ಕಾಲಕ್ಕೆ ಸರಿಯಾಗಿ ಬೀಳಬೇಕು. ವರ್ಷವಿಡೀ ತುಂಬಿ ಹರಿಯುವ ನದಿ ಹತ್ತಿರದಲ್ಲಿಲ್ಲ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ಮಳೆಗಾಲದ ನದಿ. ಆದುದರಿಂದಲೇ ನಮ್ಮ ಪೂರ್ವಿಕರು ಊರಿಗೊಂದು ಕೆರೆ ಕಟ್ಟಿದರು. ಕೆರೆಯ ಕೆಳಗೆ ತರಿ, ಬಾವಿಯ ಬಳಿ ಬಾಗಾಯ್ತು, ಉಳಿದ ದಿಣ್ಣೆಯ ಮೇಲೆ ರಾಗಿ. ರಾಗಿಯ ನಡುವೆ ಅವರೆ, ಹುಚ್ಚೆಳ್ಳಿನ ಸಾಲು. ಇದು ಹಲವು ತಲೆಮಾರುಗಳ ಅನುಭವದಿಂದ ರೂಪುಗೊಂಡ ಏರ್ಪಾಡು. ಇದರಲ್ಲಿ ಲಾಭ ಹೆಚ್ಚಿಲ್ಲ. ಆದರೆ ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಹೊಸದಾಗಿ ಬಂದವರು ಕಚೇರಿ, ರೈಲು, ಸೈನ್ಯಗಳ ಹಿನ್ನೆಲೆಯವರು. ಅವರ ಮುಂದೆ ಇದ್ದ ಲೆಕ್ಕವನ್ನು ಯಾವ ರೈತನೂ ವಿವರಿಸಬಲ್ಲನು. ಬಾವಿ ತೋಡಿಸಬೇಕು, ಕಪಿಲೆಗೆ ಜೋಡಿ ಎತ್ತು ಕಟ್ಟಬೇಕು, ಬೇಲಿ ಹಾಕಬೇಕು, ಮಾವಿನ ಸಸಿ ನೆಟ್ಟರೆ ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಅಷ್ಟು ದಿನ ಮನೆ ನಡೆಯುವುದು ಹೇಗೆ? ಕೂಲಿಯಾಳಿನಿಂದ ಖುಷ್ಕಿ ಬೇಸಾಯ ಮಾಡಿಸಿದರೆ ಬಂದ ರಾಗಿ ಕೂಲಿಗೇ ಸಾಲದು. ತಾನೇ ನೇಗಿಲು ಹಿಡಿಯುವವನಿಗೆ ಮಾತ್ರ ಆ ನೆಲ ಅನ್ನ ಕೊಡುತ್ತದೆ. ಭೂಮಿಗೆ ಹಾಕಿದ ಹಣದಷ್ಟೇ ಮುಖ್ಯವಾದದ್ದು ಅದು ಫಲಕೊಡುವ ತನಕ ಜೀವನ ಸಾಗಿಸಲು ಬೇಕಾದ ಹಣ. ಈ ಎರಡನೆಯ ಬಂಡವಾಳವನ್ನು ಲೆಕ್ಕಕ್ಕೆ ಹಿಡಿಯದೆ ನೆಲ ಕೊಂಡವರು ಅಂದೂ ಸೋತರು, ಇಂದೂ ಸೋಲುತ್ತಾರೆ.

ವೈಟ್‌ಫೀಲ್ಡ್ ಉಳಿದುಕೊಂಡದ್ದು ಬೇಸಾಯದ ಲಾಭದಿಂದಲ್ಲ. ಬರಬರುತ್ತ ಅದು ನಿವೃತ್ತರ ನೆಮ್ಮದಿಯ ಊರಾಯಿತು. ಪಿಂಚಣಿ ಹಣ ಮನೆ ನಡೆಸಿತು; ತೋಟ, ಹಸು, ಕೋಳಿಗಳು ಅದಕ್ಕೆ ಆಸರೆಯಾದವು. ಸುತ್ತಲಿನ ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರಗಳ ರೈತರು ತಮ್ಮ ರಾಗಿ, ಕೆರೆ, ದನಕರುಗಳೊಡನೆ ಹಳೆಯ ಬಾಳನ್ನೇ ಬಾಳುತ್ತಿದ್ದರು. 1896ರಲ್ಲಿ ಸೈನ್ಯಾಧಿಕಾರಿಯಾಗಿ ಬೆಂಗಳೂರಿಗೆ ಬಂದ ತರುಣ ಚರ್ಚಿಲ್ ಇಲ್ಲಿಯ ವೇವರ್ಲಿ ಇನ್ ಎಂಬ ಹೋಟೆಲಿನ ಒಡೆಯನ ಮಗಳನ್ನು ನೋಡಲು ಬರುತ್ತಿದ್ದನೆಂಬ ಕಥೆಯನ್ನು ಊರಿನವರು ಹೇಳುತ್ತ ಬಂದಿದ್ದಾರೆ. ಕಥೆ ಕಥೆಯೇ, ಆದರೆ ಹೊಲದ ಊರು ವಿಹಾರದ ಊರಾಗಿ ಹೆಸರಾದದ್ದನ್ನು ಅದು ಸೂಚಿಸುತ್ತದೆ.

1947ರ ಅನಂತರ ಊರಿನ ಎರಡನೆಯ ಪರೀಕ್ಷೆ ಬಂತು. ರೈಲ್ವೆ, ಸುಂಕ, ಅಂಚೆ-ತಂತಿ ಇಲಾಖೆಗಳಲ್ಲಿ ಆಂಗ್ಲೋ-ಇಂಡಿಯನ್ನರಿಗಿದ್ದ ವಿಶೇಷ ಅವಕಾಶವನ್ನು ಸಂವಿಧಾನದ 336ನೆಯ ವಿಧಿಯು ಹತ್ತು ವರ್ಷಗಳಲ್ಲಿ ಕ್ರಮೇಣ ಮುಗಿಸಿತು. ಮೊದಲು ಇಂಗ್ಲೆಂಡಿಗೆ, ಅಲ್ಲಿಯ 1962ರ ವಲಸೆ ಕಾನೂನು ಬಿಗಿಯಾದ ಮೇಲೆ ಆಸ್ಟ್ರೇಲಿಯ, ಕೆನಡಾಗಳಿಗೆ ಯುವಜನರು ಹೊರಟರು. ಜಗಲಿಯ ಮೇಲೆ ಮುದುಕರು ಉಳಿದರು. ಮನೆಗಳು ಒಂದೊಂದಾಗಿ ಕೈಬದಲಾದವು. ಒಂದು ಸಮುದಾಯದ ನೆಲೆಗಾಗಿ ಕೊಟ್ಟ ಭೂಮಿ ಬಿಡಿಬಿಡಿ ಆಸ್ತಿಯಾಯಿತು.

ಷೇರು ಕೊಂಡು ಕಟ್ಟಿದ ಊರು

ಇದೇ ಕನಸು 50 ವರ್ಷಗಳ ಬಳಿಕ ಉತ್ತರದ ಇನ್ನೊಂದು ಎತ್ತರದ ನೆಲದಲ್ಲಿ ಮತ್ತೆ ಚಿಗುರಿತು. ಇಂದಿನ ಜಾರ್ಖಂಡ್ ರಾಜ್ಯಕ್ಕೆ ಸೇರಿದ ಛೋಟಾನಾಗಪುರ ಪ್ರಸ್ಥಭೂಮಿಯಲ್ಲಿ, ರಾಂಚಿಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಮೆಕ್‌ಕ್ಲಸ್ಕಿಗಂಜ್ ಎಂಬ ಊರಿದೆ. ಕಲ್ಕತ್ತೆಯಲ್ಲಿ ಆಸ್ತಿ ವ್ಯವಹಾರ ನಡೆಸುತ್ತಿದ್ದ ಅರ್ನೆಸ್ಟ್ ಟಿಮೊತಿ ಮೆಕ್‌ಕ್ಲಸ್ಕಿ 1933ರಲ್ಲಿ ಕಾಲೊನೈಸೇಷನ್ ಸೊಸೈಟಿ ಆಫ್ ಇಂಡಿಯಾ ಎಂಬ ಸಂಸ್ಥೆಯ ಮೂಲಕ ಇದನ್ನು ಸ್ಥಾಪಿಸಿದನು. ರಾತು ಮಹಾರಾಜರಿಂದ ಸುಮಾರು 10,000 ಎಕರೆ ಭೂಮಿಯನ್ನು ಗೇಣಿಗೆ ಪಡೆಯಲಾಯಿತು. ದೇಶದಾದ್ಯಂತ ಸುಮಾರು ಎರಡು ಲಕ್ಷ ಆಂಗ್ಲೋ-ಇಂಡಿಯನ್ನರಿಗೆ ಕರೆ ಹೋಯಿತು. ಸಂಸ್ಥೆಯ ಷೇರು ಕೊಂಡವರಿಗೆ ನೆಲ.

ಬಂದವರು ಸುಮಾರು 300 ಕುಟುಂಬಗಳು. ಕಾಡು, ಬೆಟ್ಟ, ಹೊಳೆಗಳ ನಡುವೆ ಅಂದವಾದ ಬಂಗಲೆಗಳು ಎದ್ದವು. ರೈಲು ನಿಲ್ದಾಣವೂ ಇತ್ತು. ಆದರೆ 1935ರಲ್ಲಿ ಮೆಕ್‌ಕ್ಲಸ್ಕಿ ತೀರಿಕೊಂಡನು. ಹತ್ತಿರದಲ್ಲಿ ದುಡಿಯಲು ಕಾರ್ಖಾನೆಯಿಲ್ಲ, ಬೆಳೆದುದನ್ನು ಕೊಳ್ಳುವ ದೊಡ್ಡ ಪೇಟೆಯಿಲ್ಲ. ಯುದ್ಧ ಮುಗಿದು ಸ್ವಾತಂತ್ರ್ಯ ಬಂದ ಮೇಲೆ ಬಹುಪಾಲು ಕುಟುಂಬಗಳು ಊರು ಬಿಟ್ಟವು. ಕೊನೆಗೆ ಆ ಊರಿಗೆ ಮತ್ತೆ ಉಸಿರು ಬಂದದ್ದು 1997ರಲ್ಲಿ ಡಾನ್ ಬಾಸ್ಕೊ ಹೆಸರಿನ ಶಾಲೆಯೊಂದು ತೆರೆದಾಗ. ಹಳೆಯ ಬಂಗಲೆಗಳಲ್ಲಿ ವಿದ್ಯಾರ್ಥಿಗಳು ವಾಸಕ್ಕೆ ಬಂದರು; ಉಳಿದಿದ್ದ ಮನೆತನಗಳಿಗೆ ಆದಾಯ ದೊರೆಯಿತು. ಷೇರುಗಳು ಮಾಡಲಾರದ ಕೆಲಸವನ್ನು ಒಂದು ಶಾಲೆ ಮಾಡಿತು.

ಅದೇ ನೆಲದಲ್ಲಿ ಇನ್ನೊಂದು ಚರಿತ್ರೆ

ಛೋಟಾನಾಗಪುರದ ಮಾತು ಬಂದಾಗ ಕಥೋಲಿಕರಾದ ನಾವು ಅಲ್ಲಿಯೇ ನಡೆದ ಇನ್ನೊಂದು ಕಾರ್ಯವನ್ನು ನೆನೆಯಲೇಬೇಕು. ಬೆಲ್ಜಿಯಮ್ಮಿನ ಯೇಸುಸಭೆಯ ಗುರು ಕಾನ್‌ಸ್ಟೆಂಟ್ ಲೀವನ್ಸ್ 1885ರಲ್ಲಿ ಆ ಪ್ರಸ್ಥಭೂಮಿಗೆ ಬಂದಾಗ ಮುಂಡಾ, ಉರಾವ್ ಆದಿವಾಸಿಗಳು ತಮ್ಮ ಪೂರ್ವಿಕರು ಕಾಡು ಕಡಿದು ಹಸನು ಮಾಡಿದ ಭೂಮಿಯನ್ನು ಜಮೀನ್ದಾರರಿಗೂ ಸಾಲಕೊಟ್ಟವರಿಗೂ ಕಳೆದುಕೊಳ್ಳುತ್ತಿದ್ದರು. ಬಿಟ್ಟಿ ದುಡಿಮೆಯ ಕಾಟ ಬೇರೆ. ಲೀವನ್ಸ್ ಗುರುಗಳು ಭೂಮಿಯ ಕಾನೂನನ್ನು ಓದಿ ಅರಿತು, ಅವರ ವ್ಯಾಜ್ಯಗಳಲ್ಲಿ ಸಲಹೆಗಾರರಾಗಿ ನಿಂತರು. ಏಳು ವರ್ಷಗಳಲ್ಲಿ ಸಹಸ್ರಾರು ಜನರು ಕ್ರೈಸ್ತರಾದರು. ಕ್ಷಯರೋಗದಿಂದ ನವೆದ ಅವರು ಸ್ವದೇಶಕ್ಕೆ ಮರಳಿ 1893ರಲ್ಲಿ, ತಮ್ಮ 37ನೆಯ ವಯಸ್ಸಿನಲ್ಲಿ, ನಿಧನರಾದರು.

1899-1900ರಲ್ಲಿ ಬಿರ್ಸಾ ಮುಂಡಾನ ನಾಯಕತ್ವದಲ್ಲಿ ನಡೆದ ದಂಗೆಯು ಭೂಮಿಯ ನೋವನ್ನು ಸರ್ಕಾರಕ್ಕೆ ಮುಟ್ಟಿಸಿತು. 1908ರಲ್ಲಿ ಛೋಟಾನಾಗಪುರ ಗೇಣಿ ಕಾಯಿದೆ ಜಾರಿಗೆ ಬಂತು. ಆದಿವಾಸಿಯ ಭೂಮಿ ಹೊರಗಿನವರ ಕೈಸೇರದಂತೆ ಅದು ಕಟ್ಟುಪಾಡು ಹಾಕಿತು. ಮುಂಡಾ ಜನರ ಭೂಪದ್ಧತಿಯನ್ನು ಆಳವಾಗಿ ಬಲ್ಲ ಯೇಸುಸಭೆಯ ಗುರು ಜಾನ್ ಬ್ಯಾಪ್ಟಿಸ್ಟ್ ಹಾಫ್‌ಮನ್ ಅದರ ರಚನೆಗೆ ನೆರವಾದರು. ಕಾನೂನೊಂದೇ ಸಾಲದೆಂಬುದು ಅವರಿಗೆ ತಿಳಿದಿತ್ತು. ಮದುವೆ, ರೋಗ, ಬಿತ್ತನೆಗಳ ಸಮಯದಲ್ಲಿ ಸಾಲ ಬೇಕಾದವನು ಸಾಹುಕಾರನ ಬಾಗಿಲಿಗೆ ಹೋದರೆ ಯಾವ ಕಾಯಿದೆಯೂ ಹೊಲವನ್ನು ಉಳಿಸಲಾರದು. ಆದುದರಿಂದ 1909ರಲ್ಲಿ ಅವರು ಕಥೋಲಿಕ ಸಹಕಾರ ಸಾಲ ಸಂಘವನ್ನು ಸ್ಥಾಪಿಸಿದರು. ಜನರು ಕೂಡಿಟ್ಟ ಹಣ ಜನರಿಗೇ ಸಾಲವಾಗಿ ಒದಗಿತು.

ಒಂದೇ ಪ್ರಸ್ಥಭೂಮಿ, ಎರಡು ಪ್ರಯತ್ನಗಳು. ಒಂದರಲ್ಲಿ ಷೇರು ಹಣ, ಬಂಗಲೆ, ಒಳ್ಳೆಯ ಆಶಯಗಳಿದ್ದವು. 25 ವರ್ಷಗಳಲ್ಲಿ ಊರು ಬರಿದಾಯಿತು. ಇನ್ನೊಂದರಲ್ಲಿ ಬಡ ಒಕ್ಕಲುಗಳು, ಒಂದು ಕಾನೂನು, ಒಂದು ಸಾಲದ ಸಂಘ ಇದ್ದವು. ಅವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಆ ಹಳ್ಳಿಗಳಲ್ಲಿದ್ದಾರೆ.

ಮೂರು ಒರೆಗಲ್ಲುಗಳು

ವೈಟ್‌ಫೀಲ್ಡ್ ಹುಟ್ಟಿದ ಒಂಬತ್ತು ವರ್ಷಗಳ ಬಳಿಕ, 1891ರ ಮೇ 15ರಂದು, ಜಗದ್ಗುರು ಹದಿಮೂರನೆಯ ಲಿಯೋ ಅವರು ರೇರುಮ್ ನೊವಾರುಮ್ ಎಂಬ ವಿಶ್ವಪತ್ರವನ್ನು ಹೊರಡಿಸಿದರು. ಅದು ಮುಖ್ಯವಾಗಿ ಕಾರ್ಮಿಕರ ಹಕ್ಕುಗಳಿಗೆ ಸಂಬಂಧಿಸಿದ್ದೆಂದು ನಾವು ಕಲಿತಿದ್ದೇವೆ. ಅದರಲ್ಲಿ ಭೂಮಿಯ ವಿಚಾರವೂ ಇದೆ. ದುಡಿಯುವವನಿಗೆ ಸ್ವಂತ ಆಸ್ತಿ ದೊರೆಯುವಂತಾದರೆ ಮೂರು ಪ್ರಯೋಜನಗಳುಂಟೆಂದು ಅವರು ತಿಳಿಸುತ್ತಾರೆ: ಒಂದು, ಸಂಪತ್ತು ಹೆಚ್ಚು ನ್ಯಾಯವಾಗಿ ಹಂಚಿಹೋಗಿ ಬಡವ-ಬಲ್ಲಿದರ ಅಂತರ ತಗ್ಗುವುದು, ಎರಡು, ತನ್ನದೆಂಬ ಅಕ್ಕರೆಯಿಂದ ದುಡಿಯುವುದರಿಂದ ಭೂಮಿಯ ಫಲ ಹೆಚ್ಚುವುದು, ಮೂರು, ಹುಟ್ಟಿದ ನಾಡಿನಲ್ಲಿಯೇ ತಕ್ಕ ಬಾಳು ದೊರೆತರೆ ಜನರು ಪರದೇಶಕ್ಕೆ ಹೋಗದೆ ನೆಲೆನಿಲ್ಲುವುದು.

ಈ ಮೂರನ್ನು ಒರೆಗಲ್ಲಾಗಿ ಹಿಡಿದರೆ ಚರಿತ್ರೆ ಸ್ಪಷ್ಟವಾಗುತ್ತದೆ. ನ್ಯಾಯವಾದ ಹಂಚಿಕೆಯ ಒರೆಗೆ ವೈಟ್‌ಫೀಲ್ಡ್ ತಕ್ಕಮಟ್ಟಿಗೆ ನಿಂತಿತು: ಆಸ್ತಿಯಿಲ್ಲದವರಿಗೆ ಅದು ಆಸ್ತಿ ಕೊಟ್ಟಿತು. ಭೂಮಿಯ ಫಲದ ಒರೆಗೆ ಅರ್ಧ ನಿಂತಿತು: ತೋಟ ಚಿಗುರಿತು, ಬೇಸಾಯ ಬೆಳೆಯಲಿಲ್ಲ. ನೆಲೆನಿಲ್ಲುವ ಒರೆಗೆ ನಿಲ್ಲಲಿಲ್ಲ: ಮಕ್ಕಳು ಹೊರಟುಹೋದರು. ಮೆಕ್‌ಕ್ಲಸ್ಕಿಗಂಜ್ ಕೊನೆಯ ಎರಡರಲ್ಲಿಯೂ ಸೋತಿತು. ಅವರನ್ನು ಹಳಿಯಲು ಈ ಮಾತನ್ನು ಹೇಳುತ್ತಿಲ್ಲ. ಎರಡು ಊರುಗಳವರೂ ಧೈರ್ಯಶಾಲಿಗಳು. ತಿರಸ್ಕಾರವನ್ನು ದುಡಿಮೆಯಿಂದ ಗೆಲ್ಲಲು ಹೊರಟವರು. ಆದರೆ ನೆಲದ ಜೊತೆಗೆ ಮಕ್ಕಳಿಗೊಂದು ಕಸುಬು, ಕಷ್ಟಕಾಲಕ್ಕೊಂದು ಸಾಲದ ಸಂಘ ಒದಗದೆ ಹೋದರೆ ಧೈರ್ಯವೂ ಒಂದು ತಲೆಮಾರಿಗೆ ಮುಗಿಯುತ್ತದೆ.

ನಗರವೇ ಹಳ್ಳಿಗೆ ಬಂದಾಗ

ವೈಟ್‌ಫೀಲ್ಡಿನ ಮೂರನೆಯ ಅಧ್ಯಾಯ ನಮ್ಮ ಕಣ್ಣೆದುರಿನದು. 1994ರಲ್ಲಿ ರಾಜ್ಯ ಸರ್ಕಾರ, ಟಾಟಾ ಸಂಸ್ಥೆ ಮತ್ತು ಸಿಂಗಪುರದ ಕಂಪನಿಗಳ ಕೂಟ ಸೇರಿ ಮಾಹಿತಿ ತಂತ್ರಜ್ಞಾನ ಪಾರ್ಕಿಗೆ ಕೈಹಾಕಿದವು. ಆ ದಶಕ ಮುಗಿಯುವುದರೊಳಗೆ ಅಲ್ಲಿ ಕಂಪನಿಗಳು ಕೆಲಸ ಆರಂಭಿಸಿದವು. 2007ರಲ್ಲಿ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2023ರ ಮಾರ್ಚ್ 25ರಂದು, ರಾಜ್ಯವು ಒಡೆಯರಿಗೆ ಮರಳಿದ ದಿನಾಂಕದಂದೇ, ದೇವಮಾತೆಯ ಮಂಗಳವಾರ್ತೆಯ ಹಬ್ಬದ ದಿನವೇ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ರೈಲು ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ನಗರದ ಮಾರ್ಗಕ್ಕೆ ಕೂಡಿಕೊಂಡಿತು.

ಅರ್ಧ ದಿನದ ಗಾಡಿಯ ಹಾದಿ ಒಂದು ಗಂಟೆಯೊಳಗಿನ ಪ್ರಯಾಣವಾಯಿತು. ರಾಗಿ ಬೆಳೆಯುತ್ತಿದ್ದ ದಿಣ್ಣೆಗಳಿಗೆ ಅಡಿಯ ಲೆಕ್ಕದಲ್ಲಿ ಬೆಲೆ ಬಂತು. ಈ ಏಳಿಗೆಯಲ್ಲಿ 1882ರ ವಸಾಹತುಗಾರರ ವಂಶಸ್ಥರಿಗೆ ದೊರೆತ ಪಾಲು ಅಲ್ಪ. ಬೆಲೆ ಏರುವ ಮೊದಲೇ ಬಹುತೇಕರು ಮಾರಿ ಹೋಗಿದ್ದರು. ಭೂಮಿಯ ಬೆಲೆ ಏರುವುದು ತಾಳಿ ನಿಂತವನಿಗೆ ಲಾಭ. ಆದರೆ ತಾಳಿ ನಿಲ್ಲಬೇಕಾದರೆ ಬೇರೆ ಆದಾಯವಿರಬೇಕು.

ಏಳಿಗೆಗೆ ಬೆಲೆಯನ್ನೂ ತೆರಬೇಕಾಯಿತು. ಪೂರ್ವಿಕರ ಕೆರೆಗಳಿಗೆ ನಗರದ ಕೊಳಚೆ ಹರಿಯಿತು. 2015ರ ವೇಳೆಗೆ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬರುತ್ತಿದ್ದುದನ್ನು ಇಡೀ ದೇಶ ನೋಡಿತು. ಬಾವಿಗಳು ಬತ್ತಿ, ಕೊಳವೆ ಬಾವಿಗಳು ಆಳ ಆಳಕ್ಕೆ ಇಳಿದವು. ಕೋಟಿ ಬೆಲೆಯ ಮನೆಗಳವರು ಟ್ಯಾಂಕರ್ ನೀರಿಗಾಗಿ ಕಾಯುವಂತಾಯಿತು. ಹವೆ, ಹಾದಿ, ಮಾರುಕಟ್ಟೆಗಳನ್ನು ನೋಡಿ ಆರಿಸಿದ ನೆಲದಲ್ಲಿ ನೀರು ಮಾತ್ರ ಅಂದಿನಂತೆಯೇ ಇಂದಿಗೂ ಮೊದಲ ಪ್ರಶ್ನೆಯಾಗಿ ಉಳಿದಿದೆ.

ಕಾನೂನೂ ಬದಲಾಗಿದೆ. ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು 1974ರಿಂದ ರೈತರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ತಡೆದಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಛೋಟಾನಾಗಪುರದ ಜನರಿಗೆ 1908ರ ಕಾಯಿದೆ ಒಂದು ಬೇಲಿಯಾಗಿತ್ತು; ನಮ್ಮ ರೈತರಿಗಿದ್ದ ಬೇಲಿ ಹೀಗೆ ಸರಿದಿದೆ. ಕೊಳ್ಳುವವನಿಗೆ ಇದು ಅನುಕೂಲ. ಮಾರುವವನ ಮನೆಯಲ್ಲಿ ಇನ್ನು ತಡೆಯಾಗಿ ಉಳಿದಿರುವುದು ಅವನ ವಿವೇಕ ಮಾತ್ರ.

ನಮ್ಮ ಮುಂದಿರುವ ಕರ್ತವ್ಯ

ಹಾಗಾದರೆ ನೆಲವನ್ನು ಕೊಳ್ಳಬಾರದೇ, ಮಾರಬಾರದೇ ಎಂದು ಓದುಗರು ಕೇಳಬಹುದು. ಮಗಳ ವಿದ್ಯೆಗಾಗಿ, ಮಗನ ಚಿಕಿತ್ಸೆಗಾಗಿ ಒಂದು ಎಕರೆ ಮಾರಿದ ತಂದೆಯನ್ನು ತಪ್ಪಿತಸ್ಥನೆನ್ನುವ ಅಧಿಕಾರ ಯಾರಿಗೂ ಇಲ್ಲ. ಆದರೆ ಚರಿತ್ರೆ ಕೆಲವು ಎಚ್ಚರಿಕೆಗಳನ್ನು ಕೊಡುತ್ತದೆ.

ಕೊಳ್ಳುವವರು ಮೊದಲು ನೀರನ್ನು ನೋಡಲಿ, ಅನಂತರ ಹಾದಿಯನ್ನು, ಅನಂತರ ಪಹಣಿ ಮತ್ತು ಹಕ್ಕುಪತ್ರಗಳನ್ನು. ಕೆರೆಯಂಗಳ, ರಾಜಕಾಲುವೆ, ಗೋಮಾಳಗಳನ್ನು ಅಗ್ಗವೆಂದು ಕೊಂಡವರು ಮುಂದೆ ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ. ಭೂಮಿಗೆ ಹಾಕುವ ಹಣವನ್ನು ಎಣಿಸುವಾಗ ಫಲ ಬರುವವರೆಗಿನ ಖರ್ಚನ್ನೂ ಎಣಿಸಬೇಕು. ಬೇಲಿ ಹಾಕಿ ಬೀಗ ಜಡಿದು ಬೆಲೆ ಏರುವುದನ್ನು ಕಾಯುವವನು ಆ ಹಳ್ಳಿಗೆ ನೆರೆಯವನಾಗುವುದಿಲ್ಲ. ಅಲ್ಲಿಯ ಶಾಲೆ, ಕೆರೆ, ದೇವಾಲಯಗಳಿಗೆ ಹೆಗಲು ಕೊಡುವವನು ಮಾತ್ರ ಆ ಊರಿನವನು.

ಮಾರುವವರು ಕೈಗೆ ಬಂದ ಹಣವನ್ನು ಮನೆಯ ಮುಂದಿನ ಕಾರಿಗೂ ಮದುವೆಯ ಛತ್ರಕ್ಕೂ ಸುರಿಯುವ ಮುನ್ನ ಒಂದು ಮಾತು ನೆನೆಯಲಿ: ನೆಲ ವರ್ಷ ವರ್ಷವೂ ಕೊಡುತ್ತಿತ್ತು, ಹಣ ಒಮ್ಮೆ ಮಾತ್ರ ಕೊಡುತ್ತದೆ. ಮಾರಲೇಬೇಕಾದಲ್ಲಿ ಸ್ವಲ್ಪವನ್ನಾದರೂ ಉಳಿಸಿಕೊಳ್ಳುವುದು, ಬಂದ ಹಣದಲ್ಲಿ ಮೊದಲ ಪಾಲನ್ನು ಮಕ್ಕಳ ವಿದ್ಯೆಗೂ ಕಸುಬಿಗೂ ತೆಗೆದಿಡುವುದು, ಹೆಣ್ಣುಮಕ್ಕಳ ನ್ಯಾಯವಾದ ಪಾಲನ್ನು ತಪ್ಪದೆ ಕೊಡುವುದು ಕ್ರೈಸ್ತ ಕುಟುಂಬಕ್ಕೆ ತಕ್ಕ ನಡತೆ.

ಧರ್ಮಕೇಂದ್ರವಾಗಿ ನಾವೂ ಮಾಡಬಹುದಾದ ಕೆಲಸವಿದೆ. ಹಾಫ್‌ಮನ್ ಗುರುಗಳ ಸಂಘವು ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದವರನ್ನು ತಡೆದು ನಿಲ್ಲಿಸಿತು. ನಮ್ಮಲ್ಲಿ ಒಂದು ಸಣ್ಣ ಉಳಿತಾಯ ಮತ್ತು ಸಾಲದ ಕೂಟವಿದ್ದರೆ ಆಸ್ಪತ್ರೆಯ ಬಿಲ್ಲಿಗಾಗಿ ಹೊಲ ಬರೆದುಕೊಡುವ ದುರ್ದೆಸೆ ಕೆಲವರಿಗಾದರೂ ತಪ್ಪೀತು. ಭೂಮಿಯ ಕಾಗದಪತ್ರಗಳನ್ನು ಓದಿ ತಿಳಿಸಬಲ್ಲ ವಕೀಲರೂ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರೂ ತಿಂಗಳಿಗೊಂದು ಭಾನುವಾರ, ಪೂಜೆ ಮುಗಿದ ಮೇಲೆ, ಅರ್ಧ ಗಂಟೆ ಕುಳಿತರೆ ಎಷ್ಟೋ ಮನೆಗಳು ಉಳಿಯುತ್ತವೆ. ಲೀವನ್ಸ್ ಗುರುಗಳು ತೊಡಗಿದ್ದು ಇಂತಹ ಸಲಹೆಯಿಂದಲೇ.

ಅರಸುಗಳ ಗ್ರಂಥದಲ್ಲಿ ನಾಬೋತನ ದ್ರಾಕ್ಷಿತೋಟದ ಪ್ರಸಂಗವಿದೆ. ಅರಸನಾದ ಅಹಾಬನು ಒಳ್ಳೆಯ ಬೆಲೆಯನ್ನೂ ಬದಲು ತೋಟವನ್ನೂ ಕೊಡಲು ಸಿದ್ಧನಾಗಿದ್ದನು. ನಾಬೋತನು ಒಪ್ಪಲಿಲ್ಲ, ಅದು ಅವನಿಗೆ ಹಿರಿಯರಿಂದ ಬಂದ ಸ್ವಾಸ್ತ್ಯ. ಅಹಾಬನಿಗೆ ಅದು ಅರಮನೆಗೆ ಹೊಂದಿಕೊಂಡ ಅನುಕೂಲದ ತುಂಡು; ನಾಬೋತನಿಗೆ ತಂದೆತಾತಂದಿರ ನೆಲೆ. ಒಂದೇ ನೆಲಕ್ಕೆ ಇರುವ ಈ ಎರಡು ಹೆಸರುಗಳ ನಡುವೆ ನಮ್ಮ ಕಾಲದ ಜನರೂ ಸಿಲುಕಿಕೊಂಡಿದ್ದಾರೆ.

ವೈಟ್‌ಫೀಲ್ಡಿನ ಹಳೆಯ ವೃತ್ತದ ಬಯಲಿನ ಸುತ್ತ ಇಂದು ಓಡಾಡುವವರಲ್ಲಿ ಆ ಬಯಲು ಏಕೆ ದುಂಡಗಿದೆಯೆಂದು ತಿಳಿದವರು ವಿರಳ. ಒಬ್ಬರ ಮುಖ ಒಬ್ಬರು ನೋಡುತ್ತ ಬಾಳಬೇಕೆಂದು ನೆಲೆಯಿಲ್ಲದ ಜನರು ಎಳೆದ ಗೆರೆ ಅದು. ನಮ್ಮ ದೇವಾಲಯವೂ ಅಂತಹ ಒಂದು ವೃತ್ತದ ನಡುಬಿಂದು. ಈ ನೂರು ವರ್ಷಗಳಲ್ಲಿ ಅದರ ಸುತ್ತ ಹಿರಿಯರು ಉತ್ತು, ಬಿತ್ತು, ಬಾವಿ ತೋಡಿ, ಕೊನೆಗೆ ಅದೇ ಮಣ್ಣಿನಲ್ಲಿ ವಿಶ್ರಮಿಸಿದ್ದಾರೆ. ಅವರು ಕೊಟ್ಟುಹೋದ ನೆಲ ಮುಂದಿನ ನೂರು ವರ್ಷ ನಮ್ಮ ಮಕ್ಕಳ ನೆಲೆಯಾಗಿ ಉಳಿಯುವಂತೆ ನಡೆದುಕೊಳ್ಳುವ ಬುದ್ಧಿಯನ್ನು, ಭೂಮಿಯ ನಿಜವಾದ ಒಡೆಯನಾದ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.